ಬಿಡುವಿನ ಭಾನುವಾರ: ಗಾಳಿಗೂ ನೆರಳುಂಟು

ಡೊಂಬಿವಲಿಯ ವಾಚಕರೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆ ಕಳಿಸಿದ್ದಾರೆ. ಮಕ್ಕಳನ್ನು ಒಮ್ಮೆ ಹಾಯಿದೋಣಿಯಲ್ಲಿ ಕರೆದೊಯ್ಯಬೇಕೆಂದಿದ್ದಾರಂತೆ. ಅದಕ್ಕೆ ಯಾವ ದಿನ ಒಳ್ಳೆಯದು, ಗಾಳಿ ಎಷ್ಟಿರಬೇಕು, ಸಮುದ್ರ ಹೇಗಿರಬೇಕು ಎಂದು ಕೇಳಿದ್ದಾರೆ. ಮುಹೂರ್ತ ಕೇಳಿದಂತಿದೆಯಲ್ಲ ಎಂದು ಮೊದಲು ನಗು ಬಂದಿತು. ಆಮೇಲೆ ಯೋಚಿಸಿದಾಗ ಈ ಕೆಲಸಕ್ಕೆ ಪಂಚಾಂಗವನ್ನೂ ನೋಡಬೇಕಾಗುತ್ತದೆಂಬುದು ನೆನಪಾಗಿ ನಗು ನಿಂತಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ನಾನು ಗದುಗಿನವನು. ಚಿಕ್ಕಂದಿನಲ್ಲಿ ನನಗೆ ದೊಡ್ಡ ನೀರೆಂದರೆ ಭೀಷ್ಮಕೆರೆ. ಮುಂಬಯಿಗೆ ಬಂದು ಹತ್ತು ವರ್ಷ ಸಮುದ್ರವನ್ನು ದಿನವೂ ನೋಡಿದ್ದರಿಂದ ಅದನ್ನು ತಿಳಿದುಕೊಂಡಿದ್ದೇನೆಂಬ ಭ್ರಮೆ ಹುಟ್ಟಿತ್ತು. ಊರಿನಿಂದ ಮಾವನವರು ಬಂದಿದ್ದರು. ಹೋಳಿ ಹುಣ್ಣಿಮೆಯ ಮರುದಿನ ಭಾನುವಾರ. ಮೈದುನನ ಉತ್ಸಾಹಕ್ಕೆ ನಾನೂ ಸೇರಿ, ಗೇಟ್‌ವೇ ಆಫ್ ಇಂಡಿಯಾದ ಬಳಿ ಒಂದು ಹಾಯಿದೋಣಿಯನ್ನು ಎರಡು ಗಂಟೆಗೆಂದು ಗೊತ್ತು ಮಾಡಿದೆವು. ಮಧ್ಯಾಹ್ನ ಮೂರು ಗಂಟೆ. ಕಟ್ಟೆಗೆ ಒರಗಿ ನೀರು ನೋಡಿದೆ. ತಟ್ಟೆಯಲ್ಲಿ ಹೊಯ್ದ ಎಣ್ಣೆಯಂತೆ ಇತ್ತು. “ನೋಡಿ, ನಮ್ಮ ಭೀಷ್ಮಕೆರೆಯೇ ಇದಕ್ಕಿಂತ ಹೆಚ್ಚು ಅಲುಗಾಡುತ್ತದೆ” ಎಂದು ಮಾವನವರಿಗೆ ಧೈರ್ಯ ಹೇಳಿದವನೂ ನಾನೇ.

ಹೋಗುವಾಗ ಎಲ್ಲವೂ ಸೊಗಸಾಗಿತ್ತು. ಗಾಳಿ ಬೆನ್ನ ಹಿಂದಿನಿಂದ ಬರುತ್ತಿತ್ತು. ದೋಣಿ ಉರಣದ ದಿಕ್ಕಿಗೆ ಸದ್ದಿಲ್ಲದೆ ಸರಿಯಿತು. ಸೆಖೆಯೆಂದು ಮೈದುನ ಟೊಪ್ಪಿಗೆ ತೆಗೆದ. ಆರು ವರ್ಷದ ನಮ್ಮ ಹುಡುಗ ಚಕ್ಕುಲಿ ತಿನ್ನುತ್ತ ಹಾಡಿದ. ನಲವತ್ತು ನಿಮಿಷವಾದ ಮೇಲೆ ದೋಣಿಯವನು ಮರಾಠಿಯಲ್ಲಿ “ತಿರುಗಿಸುತ್ತೇನೆ, ಗಟ್ಟಿಯಾಗಿ ಹಿಡಿದುಕೊಳ್ಳಿ” ಎಂದ. ಏಕೆ ಹಾಗೆನ್ನುತ್ತಾನೆಂದು ನನಗೆ ತಿಳಿಯಲಿಲ್ಲ. ತಿರುಗಿಸಿದ ಮರುಗಳಿಗೆಯಲ್ಲಿ ತಿಳಿಯಿತು. ಎಲ್ಲಿತ್ತೋ ಆ ಗಾಳಿ! ದೋಣಿ ಒಂದು ಮಗ್ಗುಲಿಗೆ ವಾಲಿತು. ತೆರೆಯ ನೀರು ಬೊಗಸೆಯಲ್ಲಿ ಎರಚಿದಂತೆ ಮುಖಕ್ಕೆ ಬಂದಿತು. ಹುಡುಗ ತಿಂದುದನ್ನೆಲ್ಲ ಕಕ್ಕಿ ತಾಯಿಯ ತೊಡೆಯ ಮೇಲೆ ಮುದುಡಿ ಮಲಗಿದ. ಮಾವನವರು ಕಣ್ಣು ಮುಚ್ಚಿ ವೆಂಕಟೇಶಸ್ತೋತ್ರ ಹೇಳಿಕೊಳ್ಳತೊಡಗಿದರು. ತಾಜ್ ಹೊಟೇಲಿನ ಗುಮ್ಮಟ ಎದುರಿಗೇ ಕಾಣುತ್ತಿದೆ. ಎಷ್ಟು ಹೊತ್ತಾದರೂ ಅದು ದೊಡ್ಡದಾಗಲೊಲ್ಲದು. ನಲವತ್ತು ನಿಮಿಷದ ದಾರಿಗೆ ಹಿಂದಿರುಗುವಾಗ ಎರಡು ಗಂಟೆಗೆ ಹತ್ತಿರ ಹಿಡಿಯಿತು. ದಡ ಮುಟ್ಟಿದಾಗ ನೀರು ಬಹಳ ಕೆಳಗಿಳಿದು, ಪಾಚಿ ಹಿಡಿದ ಮೆಟ್ಟಿಲುಗಳು ಬರಿದಾಗಿದ್ದವು. ಅದರ ಮೇಲೆ ಕಾಲಿಟ್ಟ ಮಾವನವರು ಜಾರಿದರು. ಕಲಾಸಿ ರಟ್ಟೆ ಹಿಡಿದು ಎತ್ತದೆ ಹೋಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಮೊಣಕಾಲು ತರಚಿದ್ದಕ್ಕೇ ಅಂದು ಮುಗಿಯಿತು.

ರೈಲಿನಲ್ಲಿ ನನ್ನಾಕೆ ಮಾತನಾಡಲಿಲ್ಲ. ಘಾಟಕೋಪರ ದಾಟಿದ ಮೇಲೆ ಒಂದೇ ಮಾತು ಹೇಳಿದಳು: “ನೀವು ದಂಡಿ ಮ್ಯಾಲ ನಿಂತು ನೀರು ನೋಡಿದ್ರಿ. ನಮ್ಮನ್ನ ಕರಕೊಂಡು ಹೋಗಿದ್ದು ನಡು ನೀರಿಗೆ.”

ನಮ್ಮ ಕಚೇರಿಯ ಮಿತ್ರರೊಬ್ಬರ ದೊಡ್ಡಪ್ಪ ಮಲ್ಪೆಯ ಕಡೆಯ ಮೊಗವೀರರು. ಸಸೂನ್ ಡಾಕಿನ ದೋಣಿಗಳಲ್ಲಿ ಬಹುಕಾಲ ತಾಂಡೇಲರಾಗಿದ್ದು ಈಗ ಅಂಧೇರಿಯಲ್ಲಿ ಮಗನ ಮನೆಯಲ್ಲಿದ್ದಾರೆ. ನಾನು ಅವರಲ್ಲಿಗೆ ಹೋಗಿ ನಡೆದುದನ್ನೆಲ್ಲ ಹೇಳಿದೆ. ದೋಣಿಯವನನ್ನು ಬೈಯುತ್ತಾರೇನೋ ಎಂದುಕೊಂಡಿದ್ದೆ. ಅವರು ಬೈದದ್ದು ನನ್ನನ್ನು. “ನೀವು ನೋಡಿದ್ದು ಎಲ್ಲಿ ಮಾರಾಯ್ರೆ? ಗೋಡೆ ಬುಡದಲ್ಲಿ ಅಲ್ವಾ? ಬಿಸಿಲಿಗೆ ನೆರಳಿದ್ದ ಹಾಗೆ ಗಾಳಿಗೂ ನೆರಳುಂಟು. ನೀವು ನೆರಳಿನಲ್ಲಿ ನಿಂತು ಬಿಸಿಲಿಲ್ಲ ಅಂದ್ರಿ.”

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂಬಯಿಯ ಹಾಯಿದೋಣಿಯ ವಿದ್ಯೆಯಲ್ಲಿ ಅರ್ಧ ಇದರಲ್ಲೇ ಇದೆ. ನಮ್ಮ ಊರು ಉದ್ದನೆಯ ನಾಲಿಗೆಯಂತೆ ದಕ್ಷಿಣಕ್ಕೆ ಚಾಚಿಕೊಂಡಿದೆ. ಪಶ್ಚಿಮಕ್ಕೆ ತೆರೆದ ಅರಬ್ಬೀ ಸಮುದ್ರ, ಪೂರ್ವಕ್ಕೆ ಬಂದರಿನ ಒಳನೀರು. ಗೇಟ್‌ವೇ ಇರುವುದು ಪೂರ್ವದ ಮಗ್ಗುಲಲ್ಲಿ. ಮಧ್ಯಾಹ್ನದ ಕಡಲಗಾಳಿ ಬರುವುದು ಪಶ್ಚಿಮದಿಂದ ಇಲ್ಲವೆ ವಾಯವ್ಯದಿಂದ. ಆ ಗಾಳಿ ಕೊಲಾಬಾದ ಎತ್ತರದ ಕಟ್ಟಡಗಳನ್ನು ಹತ್ತಿ ಇಳಿಯಬೇಕು. ಕಟ್ಟಡಗಳ ಹಿಂದೆ, ಅವುಗಳ ಎತ್ತರದ ಹಲವು ಪಟ್ಟು ದೂರದವರೆಗೆ, ನೀರಿನ ಮೇಲೆ ಗಾಳಿಯ ಮರೆ ಬೀಳುತ್ತದೆ. ಅಲ್ಲಿ ನೀರು ಎಣ್ಣೆಯಂತೆಯೇ ಇರುತ್ತದೆ. ಮರೆ ದಾಟಿದ ಮೇಲೆ ಗಾಳಿ ತನ್ನ ನಿಜರೂಪ ತೋರಿಸುತ್ತದೆ. ಅದು ನೀರಿನ ಮೇಲೆ ದೂರ ಸಾಗಿದಷ್ಟೂ ತೆರೆಗಳು ಬೆಳೆಯುತ್ತವೆ. ಆದುದರಿಂದ ಬಂದರಿನ ನಡುವಿನಲ್ಲಿರುವ ಸಮುದ್ರವನ್ನು ಗೇಟ್‌ವೇಯ ಕಟ್ಟೆಯಿಂದ ಕೆಳಗೆ ಬಗ್ಗಿ ನೋಡಿ ತಿಳಿಯಲಾಗದು. ದೂರಕ್ಕೆ ದೃಷ್ಟಿ ಹಾಯಿಸಬೇಕು. ಅಲ್ಲಿ ಲಂಗರು ಹಾಕಿದ ಹಡಗುಗಳ ಹತ್ತಿರ ನೀರಿನ ಬಣ್ಣ ಕಪ್ಪಾಗಿದೆಯೇ, ಬಿಳಿಯ ಚುಕ್ಕೆಗಳು ಕಾಣುತ್ತವೆಯೇ, ಘಾರಾಪುರಿಯಿಂದ ಬರುವ ಲಾಂಚುಗಳು ಮೂಗಿನಿಂದ ನೀರು ಎರಚುತ್ತಿವೆಯೇ ಎಂದು ನೋಡಬೇಕು. ಲಾಂಚಿನಿಂದ ಇಳಿದವರ ಬಟ್ಟೆಯನ್ನು ನೋಡಿದರೂ ಆದೀತು. ತೋಯ್ದಿದ್ದರೆ ಬೇರೆ ಸಾಕ್ಷಿ ಬೇಡ.

ನನ್ನನ್ನು ಮೋಸಗೊಳಿಸಿದ ಎರಡನೆಯ ಸಂಗತಿ ಬೆನ್ನಗಾಳಿ. ಇದು ಬಿ.ಎ. ಓದಿದವನಿಗೂ ಹೊಳೆಯದ ಸಣ್ಣ ಲೆಕ್ಕ. ಗಾಳಿ 14 ನಾಟ್ ವೇಗದಲ್ಲಿ ಬೀಸುತ್ತಿದೆಯೆನ್ನಿ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ದೋಣಿ ಅದೇ ದಿಕ್ಕಿನಲ್ಲಿ 5 ನಾಟ್ ಓಡುತ್ತಿದೆ. ಆಗ ದೋಣಿಯಲ್ಲಿ ಕುಳಿತವನ ಮೈಗೆ ತಾಗುವುದು 9 ನಾಟ್ ಮಾತ್ರ. ಹಿಂದಿರುಗುವಾಗ ಅದೇ ಗಾಳಿ ಓರೆಯಾಗಿ ಎದುರಿಗೆ ಬರುತ್ತದೆ. ಆಗ ಮೈಗೂ ಹಾಯಿಗೂ ತಾಗುವುದು ಹೆಚ್ಚುಕಡಿಮೆ 18 ನಾಟ್. ಎರಡರಷ್ಟಾಯಿತಲ್ಲವೆ? ಆದರೆ ಗಾಳಿಯ ಒತ್ತಡ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ನೂಕು ನಾಲ್ಕರಷ್ಟು. ಗಾಳಿ ಹೆಚ್ಚಲಿಲ್ಲ, ನಾವು ತಿರುಗಿದೆವು, ಅಷ್ಟೆ. ಅದರ ಮೇಲೆ ಹಾಯಿದೋಣಿ ಗಾಳಿಗೆ ಎದೆಯೊಡ್ಡಿ ನೇರ ಹೋಗಲಾರದು. ಒಮ್ಮೆ ಬಲಕ್ಕೆ ಓರೆ, ಒಮ್ಮೆ ಎಡಕ್ಕೆ ಓರೆ, ಹೀಗೆ ಅಂಕುಡೊಂಕಾಗಿ ಹತ್ತಬೇಕು. ದಾರಿ ಉದ್ದವಾಗುತ್ತದೆ. ಈ ಕಾರಣದಿಂದ ಹಳಬರು ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಬೆನ್ನಗಾಳಿ ಇಟ್ಟುಕೊಳ್ಳುತ್ತಾರೆ. ಚೈತನ್ಯವಿರುವಾಗ ಕಷ್ಟ, ದಣಿದಾಗ ಸುಖ. ನಾವು ತದ್ವಿರುದ್ಧ ಮಾಡಿದ್ದೆವು.

ಇನ್ನು ಎಷ್ಟು ಗಾಳಿ ಹಿತ ಎಂಬ ಪ್ರಶ್ನೆ. ಬ್ರಿಟಿಷ್ ನೌಕಾದಳದ ಫ್ರಾನ್ಸಿಸ್ ಬೋಫೋರ್ಟ್ ಎಂಬಾತ 1805ರಲ್ಲಿ ಗಾಳಿಗೆ ಸೊನ್ನೆಯಿಂದ ಹನ್ನೆರಡರವರೆಗೆ ಅಂಕಗಳನ್ನು ಕೊಡುವ ಕ್ರಮವೊಂದನ್ನು ಹಾಕಿಕೊಟ್ಟ. ಯುದ್ಧದ ಹಡಗು ಎಷ್ಟು ಹಾಯಿ ಬಿಚ್ಚಬಹುದೆಂಬುದೇ ಅವನ ಅಳತೆಗೋಲು. ನಮಗೆ ಅಷ್ಟು ಬೇಡ. ಮನೆಯ ಸಾಮಾನುಗಳಿಂದಲೇ ಅಳೆಯಬಹುದು. ಊದುಬತ್ತಿಯ ಹೊಗೆ ಮಾತ್ರ ಬಾಗಿದರೆ ಅದು 1ರಿಂದ 3 ನಾಟ್. ಹಾಯಿ ಒದ್ದೆ ಪಂಚೆಯಂತೆ ಜೋತುಬೀಳುತ್ತದೆ, ಬಿಸಿಲಿನಲ್ಲಿ ತಲೆನೋವೇ ಲಾಭ. ಮುಖಕ್ಕೆ ಗಾಳಿ ತಾಗಿದ್ದು ತಿಳಿದು ಅರಳಿಯ ಎಲೆ ಸದ್ದು ಮಾಡಿದರೆ 4ರಿಂದ 6. ಬಾವುಟ ಬಿಚ್ಚಿಕೊಂಡು ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ತೆರೆಯ ತುದಿ ಬೆಳ್ಳಗೆ ಒಡೆದರೆ 7ರಿಂದ 10. ಧೂಳು ಎದ್ದು, ಕಡಲದಂಡೆಯಲ್ಲಿ ಪತ್ರಿಕೆ ಬಿಡಿಸಿ ಓದಲಾಗದಂತಾದರೆ 11ರಿಂದ 16. ನಮ್ಮ ಕಚೇರಿಯಲ್ಲಿ ಕಿಟಕಿ ತೆರೆದಾಗ ಕಡತದ ಹಾಳೆಗಳು ಹಾರಿ ಎಲ್ಲರೂ ಮೇಜಿನ ಮೇಲೆ ಕೈಯೂರುವ ಗಾಳಿ ಅದು. ಸಣ್ಣ ಗಿಡಗಳು ತೂಗಾಡಿ ಸಮುದ್ರದ ತುಂಬ ಬಿಳಿಯ ನೊರೆ ಕಂಡರೆ 17ಕ್ಕೆ ಮೇಲೆ.

ಮಕ್ಕಳು ಮುದುಕರನ್ನು ಕರೆದೊಯ್ಯುವವರಿಗೆ 5ರಿಂದ 10 ನಾಟ್ ಒಳಗಿನದೇ ಹಿತವಾದ ಗಾಳಿ ಎಂಬುದು ನನ್ನ ಈಗಿನ ಅಭಿಪ್ರಾಯ. ಪಳಗಿದ ತರುಣರು ಇನ್ನೂ ಮೂರು ನಾಲ್ಕು ನಾಟ್ ಸೇರಿಸಿಕೊಂಡು ಆನಂದಪಡಲಿ. 15 ದಾಟಿದ ಮೇಲೆ ಕುಟುಂಬದ ವಿಹಾರವೆಂಬ ಮಾತಿಲ್ಲ. ನಾಟ್ ಲೆಕ್ಕ ಮರೆತರೂ ದೊಡ್ಡಪ್ಪನವರ ಸೂತ್ರ ಮರೆಯುವಂತಿಲ್ಲ: “ಕಡಲು ಒಂದೆರಡು ಹಲ್ಲು ತೋರಿಸಿದ್ರೆ ನಗ್ತದೆ ಅಂತ ಲೆಕ್ಕ. ಎಲ್ಲಾ ಹಲ್ಲು ತೋರಿಸಿದ್ರೆ ನಗುವುದಲ್ಲ.” ತೆರೆಯ ಎತ್ತರವೊಂದನ್ನೇ ನೋಡಿದರೆ ಸಾಲದು. ಎತ್ತರವಾದರೂ ಉದ್ದನೆಯ ತೆರೆ ದೋಣಿಯನ್ನು ತೊಟ್ಟಿಲಿನಂತೆ ಎತ್ತಿ ಇಳಿಸುತ್ತದೆ. ಮೊಣಕಾಲೆತ್ತರದ್ದೇ ಆದರೂ ಒತ್ತೊತ್ತಾಗಿ ಬರುವ ಗಿಡ್ಡ ತೆರೆ ಎತ್ತಿನಗಾಡಿಯ ಕೆಟ್ಟ ರಸ್ತೆಯಂತೆ ಕುಕ್ಕುತ್ತದೆ. ಬಂದರಿನ ಒಳನೀರಿನಲ್ಲಿ ಸಿಗುವುದು ಹೆಚ್ಚಾಗಿ ಎರಡನೆಯದು.

ಈಗ ಕೈಯಲ್ಲಿರುವ ಫೋನಿನಲ್ಲಿಯೇ ಗಾಳಿಯ ಮುನ್ಸೂಚನೆ ಗಂಟೆಗಂಟೆಗೂ ಸಿಗುತ್ತದೆ. ಒಳ್ಳೆಯದೇ. ಆದರೆ ಅಂಕಿ ನೋಡುವ ಮೊದಲು ಅದರ ಮಾನವನ್ನು ನೋಡಬೇಕೆಂದು ಗುಮಾಸ್ತನಾದ ನಾನು ಒತ್ತಿ ಹೇಳುತ್ತೇನೆ. ಒಂದು ಕಡೆ 10 ಎಂದರೆ ಗಂಟೆಗೆ ಹತ್ತು ಕಿಲೋಮೀಟರು, ಅಂದರೆ ಐದೂವರೆ ನಾಟಿನ ಒಳಗೆ. ಇನ್ನೊಂದು ಕಡೆ ಅದೇ 10 ಎಂದರೆ ಸೆಕೆಂಡಿಗೆ ಹತ್ತು ಮೀಟರು, ಅಂದರೆ 19 ನಾಟಿಗೂ ಮಿಕ್ಕಿದ್ದು. ಮೊದಲನೆಯದು ಮಗುವಿನ ಜೋಗುಳ. ಎರಡನೆಯದು ಮನೆಯಲ್ಲಿಯೇ ಇರಬೇಕಾದ ದಿನ. ಸರಾಸರಿ ಗಾಳಿಯ ಪಕ್ಕದಲ್ಲಿ ಬೀಸುಗಾಳಿಯ ಅಂಕಿ ಬೇರೆಯಾಗಿ ಕೊಟ್ಟಿರುತ್ತಾರೆ. ಸರಾಸರಿ 8 ಇದ್ದು ಬೀಸು 18 ಎಂದಿದ್ದರೆ ಲೆಕ್ಕ ಹದಿನೆಂಟರದ್ದು. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆಯವರು ತೆರೆಗಳ ಎತ್ತರದ ಮುನ್ಸೂಚನೆಯನ್ನೂ ಕೊಡುತ್ತಾರೆ. ದೂರದಲ್ಲೆಲ್ಲೋ ಎದ್ದ ಬಿರುಗಾಳಿಯ ಉಬ್ಬುತೆರೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಬಂದು ಬಡಿಯುವುದುಂಟಾದ್ದರಿಂದ, ತೆರೆದ ಕಡಲಿಗೆ ಇಳಿಯುವವರು ಅದನ್ನು ನೋಡದೆ ಹೊರಡಬಾರದು.

ಪಂಚಾಂಗದ ವಿಷಯ ಹೇಳುತ್ತೇನೆಂದಿದ್ದೆ. ಮುಂಬಯಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗೂ ಮಿಕ್ಕಿ ಅಂತರವಾಗುವುದುಂಟು. ಅಷ್ಟಮಿಯ ಆಸುಪಾಸಿನಲ್ಲಿ ಅದು ಬಹಳ ಕಡಿಮೆ. ಅಂತರ ಹೆಚ್ಚಾದಷ್ಟೂ ಬಂದರಿನೊಳಗೆ ನೀರಿನ ಓಟ ಜೋರು. ಕೊಂಕಣ ಕರಾವಳಿಯ ಕೋಳಿಗಳಿಗೆ ಭರತದ ಹೊತ್ತು ತಿಳಿಯಲು ಒಂದು ಲೆಕ್ಕವುಂಟು: ತಿಥಿಯ ಮುಕ್ಕಾಲು ಪಾಲು. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು. ಮೂರು ಗಂಟೆಗೆ ಪೂರ್ಣ ಭರತ. ಅಷ್ಟಮಿಗೆ ಆರು ಗಂಟೆ. ಪಾಡ್ಯಕ್ಕೆ ಹನ್ನೆರಡರ ಮೇಲೆ ಮುಕ್ಕಾಲು ಗಂಟೆ. ಹಗಲಿಗೂ ರಾತ್ರಿಗೂ ಇದೇ ಲೆಕ್ಕ. ಆರು ಗಂಟೆಗೆ ಸ್ವಲ್ಪ ಹೆಚ್ಚು ಸೇರಿಸಿದರೆ ಪೂರ್ಣ ಇಳಿತ. ಅಚ್ಚಾದ ಕೋಷ್ಟಕಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಆದರೂ ವಿಹಾರಕ್ಕೆ ಹೋಗುವವನ ಬುದ್ಧಿ ನೆಟ್ಟಗಿಡಲು ಇಷ್ಟು ಸಾಕು.

ನಮ್ಮ ಭಾನುವಾರಕ್ಕೆ ಈ ಲೆಕ್ಕ ಹಾಕಿ ನೋಡಿ. ಹೋಳಿ ಹುಣ್ಣಿಮೆಯ ಮರುದಿನ, ಅಂದರೆ ಬಹುಳ ಪಾಡ್ಯ. ಭರತ ಹನ್ನೆರಡೂ ಮುಕ್ಕಾಲಿಗೆ, ಇಳಿತ ಸಂಜೆ ಏಳರವರೆಗೆ. ನಾವು ಮೂರಕ್ಕೆ ಹೊರಟೆವು. ಪಕ್ಷದಲ್ಲೇ ಅತಿ ಜೋರಾದ ಇಳಿತದ ನೀರು ನಮ್ಮನ್ನು ಬಂದರಿನ ಬಾಯಿಯತ್ತ ಎಳೆಯುತ್ತಿದ್ದ ಹೊತ್ತು ಅದು. ಹಿಂದಿರುಗುವಾಗ ಗಾಳಿಯೂ ಎದುರು, ನೀರೂ ಎದುರು. ಪಾಚಿಯ ಮೆಟ್ಟಿಲು ಬರಿದಾಗಿದ್ದುದಕ್ಕೂ ಅದೇ ಕಾರಣ. ಗೋಡೆಗೆ ತೂಗುಹಾಕಿದ್ದ ಪಂಚಾಂಗ ಇದನ್ನೆಲ್ಲ ಬೆಳಿಗ್ಗೆಯೇ ಹೇಳುತ್ತಿತ್ತು. ನಾನು ಅದರಲ್ಲಿ ನೋಡಿದ್ದು ರಾಹುಕಾಲವನ್ನು.

ಗಾಳಿ ಒಂದು ಕಡೆಯಿಂದ, ನೀರಿನ ಓಟ ಅದಕ್ಕೆ ಎದುರು ಕಡೆಯಿಂದ ಬಂದಾಗ ತೆರೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಎರಡೂ ಒಂದೇ ದಿಕ್ಕಿಗೆ ನಡೆದರೆ ಅದೇ ಗಾಳಿಯಲ್ಲಿ ನೀರು ಮೆತ್ತಗಿರುತ್ತದೆ. ಮಳೆಗಾಲ ಹತ್ತಿರವಾದಂತೆ ಗಾಳಿ ನೈಋತ್ಯಕ್ಕೆ ಸರಿಯುತ್ತದೆ. ಇಳಿತದ ನೀರು ಬಂದರಿನಿಂದ ಹೊರಬೀಳುವುದೂ ಆ ದಿಕ್ಕಿಗೇ. ಇಬ್ಬರೂ ಬಂದರಿನ ಬಾಯಿಯಲ್ಲಿ ಎದುರುಬದುರಾಗುತ್ತಾರೆ. ದಡದಲ್ಲಿ ನಿಂತು ಇದನ್ನು ಕಂಡುಹಿಡಿಯುವ ಉಪಾಯವನ್ನು ದೊಡ್ಡಪ್ಪನವರು ತೋರಿಸಿಕೊಟ್ಟರು. ಲಂಗರಿನಲ್ಲಿರುವ ಲಾಂಚನ್ನು ನೋಡಬೇಕು. ಓಟ ಬಲವಾಗಿದ್ದಾಗ ಅದರ ಮೂತಿ ನೀರು ಬರುವ ಕಡೆಗೆ ತಿರುಗಿರುತ್ತದೆ. ಅದರ ಮೇಲಿನ ಬಾವುಟ ಹಿಂಬದಿಗೆ ಹಾರುತ್ತಿದ್ದರೆ ಗಾಳಿಯೂ ನೀರೂ ಜೊತೆಗಾರರು. ಬಾವುಟ ಮೂತಿಯ ಕಡೆಗೆ ಹಾರುತ್ತಿದ್ದರೆ ಜಗಳಗಂಟರು. ನಮ್ಮ ಹುಡುಗನಿಗೆ ಇದೀಗ ದೊಡ್ಡ ಆಟವಾಗಿದೆ. ಗೇಟ್‌ವೇಗೆ ಹೋದಾಗಲೆಲ್ಲ “ಅಪ್ಪಾ, ಇವತ್ತ ಜಗಳ!” ಎಂದು ಕೂಗುತ್ತಾನೆ. ಸುತ್ತಲಿನವರು ನನ್ನನ್ನೂ ನನ್ನಾಕೆಯನ್ನೂ ನೋಡುತ್ತಾರೆ.

ಬಂದರಿನ ಮಾತು ಹೀಗಾದರೆ ಪಶ್ಚಿಮದ ಗಿರಗಾಂವ ಚೌಪಾಟಿ, ಜುಹೂ, ಮಾರ್ವೆಗಳ ಮಾತು ಬೇರೆ. ಅಲ್ಲಿ ಕಡಲಗಾಳಿ ನೇರವಾಗಿ ದಡಕ್ಕೆ ಬರುತ್ತದೆ. ದಡದ ನೀರು ಒಡೆಯುವ ತೆರೆಗಳಿಂದ ಒರಟಾಗಿಯೇ ಕಾಣುತ್ತದೆ, ಹೊರಗೆ ಹೋದ ಮೇಲೆ ಅಷ್ಟಿರುವುದಿಲ್ಲ. ದಡದ ತೆರೆ ದಾಟುವಾಗ ಮತ್ತೆ ಬಂದಿಳಿಯುವಾಗ ಎಚ್ಚರ ಬೇಕು. ಆದರೆ ಕೈಸೋತ ದೋಣಿಯನ್ನು ಗಾಳಿ ದಡಕ್ಕೇ ತಳ್ಳುತ್ತದೆ. ಗೇಟ್‌ವೇಯಲ್ಲಿ ಕೈಸೋತ ದೋಣಿ ದಡದಿಂದ ದೂರ ಉರಣದ ಕಡೆಗೆ ತೇಲಿಹೋಗುತ್ತದೆ. ಒರಟಾಗಿ ಕಾಣುವ ಕಡೆ ಮನೆಗೆ ಕಳಿಸುವ ಗಾಳಿ, ನಯವಾಗಿ ಕಾಣುವ ಕಡೆ ಮನೆಯಿಂದ ಒಯ್ಯುವ ಗಾಳಿ.

ತಿಂಗಳುಗಳ ವಿಷಯ ಬೇಗ ಮುಗಿಸುತ್ತೇನೆ. ಮುಂಬಯಿಯಲ್ಲಿ ಹಾಯಿದೋಣಿಯ ಕಾಲ ಅಕ್ಟೋಬರಿನಿಂದ ಮೇವರೆಗೆ. 1846ರಲ್ಲಿ ಸ್ಥಾಪನೆಯಾದ ರಾಯಲ್ ಬಾಂಬೆ ಯಾಟ್ ಕ್ಲಬ್ಬಿನಂಥ ಹಳೆಯ ಸಂಸ್ಥೆಯ ದೋಣಿಗಳೂ ಮಳೆಗಾಲದಲ್ಲಿ ನೀರಿಗಿಳಿಯುವುದಿಲ್ಲ. ಮಾಂಡವೆಗೆ ಹೋಗುವ ಲಾಂಚುಗಳೂ ಆಗ ನಿಲ್ಲುತ್ತವೆ. ಶ್ರಾವಣದ ನಾರಳಿ ಪೌರ್ಣಿಮೆಯಂದು ಕೋಳಿಗಳು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮೀನುಗಾರಿಕೆಗೆ ಇಳಿಯುತ್ತಾರಾದರೂ ಅದು ಅವರ ಕಸುಬು; ವಿಹಾರಕ್ಕೆ ಹೋಗುವ ನಾವು ಇನ್ನೂ ಎರಡು ತಿಂಗಳು ಕಾಯುವುದು ಲೇಸು. ನವೆಂಬರಿನಿಂದ ಫೆಬ್ರುವರಿವರೆಗೆ ಉತ್ತಮ. ಆಗ ಬೆಳಗಿನಲ್ಲಿ ನೆಲದ ಕಡೆಯಿಂದ, ಈಶಾನ್ಯದಿಂದ, ತಂಪಾದ ಹಗುರ ಗಾಳಿ ಬರುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಅದು ಸತ್ತು, ಸ್ವಲ್ಪ ಹೊತ್ತು ಎಲ್ಲವೂ ನಿಶ್ಚಲವಾಗಿ, ಆಮೇಲೆ ನೆಲ ಕಾದಂತೆ ಕಡಲಗಾಳಿ ಏಳುತ್ತದೆ. ಮಾರ್ಚಿನಿಂದ ಮುಂದೆ ನೆಲ ಹೆಚ್ಚು ಕಾಯುವುದರಿಂದ ಮಧ್ಯಾಹ್ನದ ಗಾಳಿ ಬಲಿಯುತ್ತ ಹೋಗುತ್ತದೆ. ಆಗ ಮಧ್ಯಾಹ್ನದ ವಿಹಾರ ಪಳಗಿದವರಿಗೇ ಸರಿ.

ಮಳೆಗಾಲದ ಹಿಂದೆ ಮುಂದೆ ಮೋಡದ ಭಯವೂ ಉಂಟು. ಸಹ್ಯಾದ್ರಿಯ ಕಡೆ, ಪೂರ್ವದಲ್ಲಿ, ಕಪ್ಪು ಮೋಡ ಎದ್ದು ಬೀಸುತ್ತಿದ್ದ ಗಾಳಿ ಒಮ್ಮೆಲೆ ನಿಂತು, ತಣ್ಣನೆಯ ಸುಳಿ ಮುಖಕ್ಕೆ ತಾಗಿದರೆ ದೋಣಿಯಲ್ಲಿರುವವರು ಮಾತು ಬಿಟ್ಟು ಹಾಯಿ ಇಳಿಸಬೇಕು. ಅರಬ್ಬೀ ಸಮುದ್ರದ ಚಂಡಮಾರುತಗಳು ಬರುವುದೂ ಹೆಚ್ಚಾಗಿ ಆ ಕಾಲಗಳಲ್ಲೇ. 2009ರ ನವೆಂಬರ್ 11ರ ಫ್ಯಾನ್, 2020ರ ಜೂನ್ 3ರಂದು ಅಲಿಬಾಗದ ಬಳಿ ದಡಕ್ಕೆ ಬಂದ ನಿಸರ್ಗ, 2021ರ ಮೇ 17ರಂದು ನಮ್ಮ ಪಕ್ಕದಲ್ಲೇ ಹಾದುಹೋದ ತೌಕ್ತೆ ವಾಚಕರಿಗೆ ನೆನಪಿರಬಹುದು. ಬಂದರುಗಳಿಗೆ ಹವಾಮಾನ ಇಲಾಖೆಯವರು ಕೊಡುವ ಎಚ್ಚರಿಕೆಯ ಸಂಕೇತಗಳು ಹನ್ನೊಂದು. ಪತ್ರಿಕೆಯಲ್ಲಿ ಮೂರನೆಯ ನಂಬರಿನ ಸಂಕೇತ ಎಂದು ಓದಿದರೆ ಈ ಬಂದರಿನಲ್ಲಿಯೇ ಬಿರುಸಾದ ಗಾಳಿ ಬೀಸುವ ಸಂಭವವಿದೆಯೆಂದು ಅರ್ಥ. ಟಿಕೇಟಿನ ಹಣ ಹೋದರೆ ಹೋಗಲಿ.

ಇಲ್ಲಿ ಒಂದು ದುಃಖದ ಸಂಗತಿಯನ್ನು ಬರೆಯಲೇಬೇಕು. 1947ರ ಜುಲೈ 17ರಂದು ಭಾವುಚಾ ಧಕ್ಕೆಯಿಂದ ರೇವಸಕ್ಕೆ ಹೊರಟ ‘ರಾಮದಾಸ್’ ಎಂಬ ಸ್ಟೀಮರು ಮಳೆಗಾಲದ ಗಾಳಿ ತೆರೆಗಳಿಗೆ ಸಿಕ್ಕಿ ಮಗುಚಿ ಆರುನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಗಾಬರಿಗೊಂಡ ಪ್ರಯಾಣಿಕರು ಒಂದೇ ಮಗ್ಗುಲಿಗೆ ನುಗ್ಗಿದ್ದೂ ಅದು ಮಗುಚಲು ಕಾರಣವಾಯಿತು. ಅದು ದೊಡ್ಡ ಸ್ಟೀಮರು, ನಮ್ಮದು ಆರು ಜನರ ದೋಣಿ. ಆದರೂ ಮನುಷ್ಯನ ಸ್ವಭಾವ ಒಂದೇ. ನೀರು ಎರಚುವುದು ಗಾಳಿ ಬರುವ ಮಗ್ಗುಲಿನಿಂದ. ತೋಯಬಾರದೆಂದು ಎಲ್ಲರೂ ಇನ್ನೊಂದು ಮಗ್ಗುಲಿಗೆ, ಅಂದರೆ ದೋಣಿ ಮೊದಲೇ ವಾಲಿರುವ ಕಡೆಗೆ, ಸರಿಯುತ್ತಾರೆ. ಆ ದಿನ ನಾವೂ ಸರಿದೆವು. ಕಲಾಸಿ ಕೂಗಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ಹಿಡಿದು ತೋಯುವ ಮಗ್ಗುಲಿಗೆ ಎಳೆದು ಕೂರಿಸಿದ. ಆಗ ಅದು ಅವನ ಒರಟುತನವೆನ್ನಿಸಿತ್ತು. ಆ ಕಲಾಸಿಯ ಹೆಸರನ್ನೂ ನಾನು ಕೇಳಲಿಲ್ಲ.

ಹವೆ ಚೆನ್ನಾಗಿದ್ದ ಮಾತ್ರಕ್ಕೆ ತೇಲುಅಂಗಿ ಬೇಡವೆಂದು ಯಾರೂ ಭಾವಿಸದಿರಲಿ. 2024ರ ಡಿಸೆಂಬರ್ 18ರಂದು ಘಾರಾಪುರಿಗೆ ಹೊರಟ ಲಾಂಚಿಗೆ ನೌಕಾದಳದ ವೇಗದ ದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತಾಗ ಗಾಳಿಯದೂ ತೆರೆಯದೂ ಏನೂ ತಪ್ಪಿರಲಿಲ್ಲ. ಮಗುವಿಗೆ ಮಗುವಿನ ಅಳತೆಯದೇ ತೇಲುಅಂಗಿ ಬೇಕು. ದೊಡ್ಡವರದನ್ನು ತೊಡಿಸಿದರೆ ನೀರಿನಲ್ಲಿ ಅಂಗಿ ಮೇಲುಳಿದು ಮಗು ಕೆಳಗೆ ಜಾರುತ್ತದೆ.

ಹಿತವಾದ ದಿನವೆಂಬುದು ಸಿಕ್ಕಿತೇ ಎಂದು ವಾಚಕರು ಕೇಳಬಹುದು. ಕಳೆದ ನವೆಂಬರಿನಲ್ಲಿ ದೊಡ್ಡಪ್ಪನವರನ್ನೇ ಜೊತೆಗೆ ಕರೆದುಕೊಂಡು ಒಂದು ಭಾನುವಾರ ಹೊರಟೆವು. ಅವರು ಕಟ್ಟೆಯ ಮೇಲೆ ನಿಂತು ಪೂರ್ವದ ಮೋಡವನ್ನು ನೋಡಿದರು, ನನ್ನ ಫೋನಿನಲ್ಲಿ ಬೀಸುಗಾಳಿಯ ಅಂಕಿಯನ್ನು ಓದಿಸಿಕೊಂಡರು, “ಇವತ್ತು ಬೇಡ” ಎಂದರು. ಅಷ್ಟು ದೂರ ಬಂದವರು ಫೋರ್ಟಿನ ಉಡುಪಿ ಹೊಟೇಲೊಂದರಲ್ಲಿ ಮಸಾಲೆದೋಸೆ ತಿಂದು ಹಿಂದಿರುಗಿದೆವು. ಅಂದು ಸಂಜೆಯವರೆಗೂ ಸಮುದ್ರ ಹಸುವಿನಂತಿತ್ತು. ಮುಂದೆ ಸಿಕ್ಕಾಗ ನಮ್ಮ ಹುಡುಗ “ಅಜ್ಜ, ನೀವು ಹೇಳಿದ್ದು ತಪ್ಪಾತು” ಎಂದುಬಿಟ್ಟ. “ಹೌದು ಮಗಾ, ತಪ್ಪಿತು. ಇಂಥ ತಪ್ಪು ಇನ್ನೂ ಹತ್ತು ಸಲ ಮಾಡುವಾ” ಎಂದು ಅವರು ನಕ್ಕರು.

ಡಿಸೆಂಬರಿನಲ್ಲಿ ಮಾವನವರು ಮತ್ತೆ ಬಂದಿದ್ದರು. ಅವರನ್ನು ಒಪ್ಪಿಸಲು ನನಗೆ ಬಾಯಿ ಬರಲಿಲ್ಲ, ಒಪ್ಪಿಸಿದವಳು ನನ್ನಾಕೆ. ದ್ವಾದಶಿಯ ಭಾನುವಾರವನ್ನು ಆರಿಸಿದೆವು. ಹನ್ನೆರಡರ ಮುಕ್ಕಾಲು ಒಂಬತ್ತು; ಒಂಬತ್ತಕ್ಕೆ ಭರತ. ಮುಲುಂಡಿನಿಂದ ಮೊದಲ ರೈಲುಗಳಲ್ಲೊಂದನ್ನು ಹಿಡಿದು ಬಂದೆವು. ಮಾವನವರು ಹಿಂದಿನ ದಿನ ಏಕಾದಶಿ ಮಾಡಿದ್ದರು. ಸೂರ್ಯ ಬಂದರಿನ ಆಚೆಯ ಬೆಟ್ಟಗಳಿಂದ ಮೇಲೆದ್ದೊಡನೆ ಗೇಟ್‌ವೇಯ ಕಟ್ಟೆಯ ಮೇಲೆ ಕುಳಿತು ತೀರ್ಥ ತೆಗೆದುಕೊಂಡು, ಡಬ್ಬಿಯಲ್ಲಿ ತಂದ ಅವಲಕ್ಕಿಯಿಂದ ಪಾರಣೆ ಮುಗಿಸಿದರು. ಬರಿ ಹೊಟ್ಟೆಯಲ್ಲಿಯೂ ತುಂಬಿದ ಹೊಟ್ಟೆಯಲ್ಲಿಯೂ ದೋಣಿ ಹತ್ತಬಾರದೆಂಬ ನಿಯಮವೂ ಅದರಿಂದಲೇ ಪಾಲಿಸಲ್ಪಟ್ಟಿತು.

ಏಳೂ ಮುಕ್ಕಾಲಿಗೆ ಹೊರಟೆವು. ಈಶಾನ್ಯದ ಗಾಳಿ ಆರೇಳು ನಾಟ್ ಇದ್ದೀತು. ಕೊನೆಯ ಭರತದ ನೀರು ನಮ್ಮನ್ನು ಎದುರುಗಾಳಿಯ ಕಡೆಗೇ ಮೆಲ್ಲಗೆ ನೂಕುತ್ತಿತ್ತು. ನೌಕಾದಳದ ಹಡಗುಕಟ್ಟೆಯನ್ನೂ ಎಣ್ಣೆ ಹಡಗುಗಳು ನಿಲ್ಲುವ ಜವಾಹರ ದ್ವೀಪವನ್ನೂ ದೂರವಿಟ್ಟು, ಘಾರಾಪುರಿಯ ದಿಕ್ಕಿಗೆ ಅಂಕುಡೊಂಕಾಗಿ ಸಾಗಿದೆವು. ಒಂಬತ್ತಕ್ಕೆ ನೀರು ನಿಂತಿತು. ದೋಣಿ ತಿರುಗಿಸಿದೆವು. ನಾನು ಅರಿವಿಲ್ಲದೆ ಹುಡುಗನ ಭುಜ ಹಿಡಿದುಕೊಂಡಿದ್ದೆ. ಏನೂ ಆಗಲಿಲ್ಲ. ಗಾಳಿಯೇ ನಿಂತಂತೆ, ಬಿಸಿಲು ಬೆಚ್ಚಗಾದಂತೆ ಅನ್ನಿಸಿತು. ಇಳಿತ ತೊಡಗಿ ಗಾಳಿಯೂ ನೀರೂ ಜೊತೆಗೂಡಿ ನಮ್ಮನ್ನು ಮನೆಯ ಕಡೆಗೆ ತಂದವು. ಮಾವನವರು ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು ನೀರು ಮುಟ್ಟಿದರು.

ಹತ್ತಕ್ಕೆ ಗೇಟ್‌ವೇಗೆ ಬಂದಾಗ ಪಾಚಿಯ ಮೆಟ್ಟಿಲುಗಳೆಲ್ಲ ಇನ್ನೂ ನೀರಿನ ಕೆಳಗಿದ್ದವು. ನನ್ನಾಕೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ನಾನು ಚಾಚಿದ ಕೈಯನ್ನು ನೋಡದೆ, ಒಣಗಿದ ಮೆಟ್ಟಿಲಿನ ಮೇಲೆ ತಾನೇ ಕಾಲಿಟ್ಟು ಇಳಿದು, ತಂದೆಗೆ ಕೈ ಕೊಟ್ಟಳು.